ಹೆದ್ದಾರಿ ಬದಿಯಲ್ಲಿ ರಾತ್ರಿ ನಿಲ್ಲುವ ಗ್ಯಾಸ್ ಟ್ಯಾಂಕರ್‌ಗಳು: ನಿಯಮವೇನು, ಕೇಳುವವರು ಯಾರು?

ಶಿರಾಡಿ_ತಪ್ಪಲು
ನಮ್ಮ ಮನೆ ಉಪ್ಪಿನಂಗಡಿ ಮತ್ತು ಗುಂಡ್ಯದ ನಡುವೆ, ರಾಷ್ಟ್ರೀಯ ಹೆದ್ದಾರಿ 75ಕ್ಕೆ ಅಂಟಿಕೊಂಡೇ ಇದೆ. ಮಂಗಳೂರಿನಿಂದ ಶಿರಾಡಿ ಘಟ್ಟ ಹತ್ತಲು ಹೊರಟ, ಅಡುಗೆ ಅನಿಲ ತುಂಬಿದ ಬುಲೆಟ್ ಟ್ಯಾಂಕರ್‌ಗಳು ಕತ್ತಲಾಗುತ್ತಲೇ ನಮ್ಮ ಗೇಟಿನೆದುರಿನ ಮಣ್ಣಿನ ಜಾಗದಲ್ಲಿ ಒಂದರ ಹಿಂದೊಂದು ನಿಲ್ಲುತ್ತವೆ. ಗಾಳಿ ಬೀಸಬಾರದೆಂದು ಟ್ಯಾಂಕರಿನ ಮರೆಯಲ್ಲೇ, ವಾಲ್ವ್ ಪೆಟ್ಟಿಗೆಯಿಂದ ಕೆಲವೇ ಹೆಜ್ಜೆ ದೂರದಲ್ಲಿ, ಪಂಪ್ ಸ್ಟೌ ಹಚ್ಚಿ ಅನ್ನಕ್ಕಿಡುವುದನ್ನು ದಿನವೂ ನೋಡುತ್ತಿದ್ದೇವೆ. 2013ರ ಏಪ್ರಿಲ್‌ನಲ್ಲಿ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಮನೆಮಂದಿಯೆಲ್ಲ ಸುಟ್ಟುಹೋದದ್ದನ್ನು ಕಂಡವರು ನಮ್ಮ ಸುತ್ತಮುತ್ತ ಇನ್ನೂ ಇದ್ದಾರೆ, ಆದ್ದರಿಂದ ಇದು ಸುಮ್ಮನೆ ಹೆದರಿಕೊಳ್ಳುವವರ ದೂರಲ್ಲ. ಪಂಚಾಯಿತಿಯವರು ರಸ್ತೆ ತಮ್ಮದಲ್ಲವೆನ್ನುತ್ತಾರೆ, ಠಾಣೆಯವರು ಸಂಚಾರಕ್ಕೆ ಅಡ್ಡಿಯಾಗಿಲ್ಲವಲ್ಲ ಎನ್ನುತ್ತಾರೆ. ಹೀಗೆ ನಿಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆಯೇ, ಇಲ್ಲವಾದರೆ ಯಾರಿಗೆ ಬರೆಯಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು.

ಕಾಯ್ದೆ_ಪುಟ
ಅವಕಾಶವಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ 129ರಿಂದ 137ರವರೆಗಿನ ನಿಯಮಗಳು ಅಪಾಯಕಾರಿ ಸರಕಿನ ಸಾಗಣೆಗೇ ಮೀಸಲು. ಅದರಲ್ಲಿ 133ನೆಯದು ಚಾಲಕನ ಹೊಣೆಯನ್ನು ಹೇಳುತ್ತದೆ: ವಾಹನ ಓಡಿಸದೇ ಇರುವಾಗ ಅದನ್ನು ಬೆಂಕಿ, ಸ್ಫೋಟ ಮತ್ತಿತರ ಅಪಾಯಗಳಿಂದ ದೂರವಿರುವ ಸ್ಥಳದಲ್ಲಿ ನಿಲ್ಲಿಸಬೇಕು, ಮತ್ತು ಅದು ಎಲ್ಲ ಹೊತ್ತಿನಲ್ಲೂ ಚಾಲಕನ ಅಥವಾ ಹದಿನೆಂಟು ವರ್ಷ ಮೀರಿದ ಸಮರ್ಥ ವ್ಯಕ್ತಿಯೊಬ್ಬನ ನಿಗಾದಲ್ಲಿರಬೇಕು. ಟ್ಯಾಂಕರಿನ ಪಕ್ಕದಲ್ಲೇ ಒಲೆ ಹಚ್ಚುವುದು ಇದಕ್ಕೆ ನೇರ ವಿರುದ್ಧ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನ ಪ್ರಕಾರ ಅಪಾಯಕಾರಿ ಸರಕಿನ ನಿಯಮ ಮುರಿದವರಿಗೆ ಮೊದಲ ಬಾರಿಗೇ ಹತ್ತು ಸಾವಿರ ರೂಪಾಯಿ ದಂಡವಿದೆ, ಜೈಲೂ ಆಗಬಹುದು.

ಬೆಂಚುಕಲ್ಲು
ಹತ್ತು ಸಾವಿರ ರೂಪಾಯಿಯ ರಸೀದಿಯನ್ನು ಈ ಹೆದ್ದಾರಿಯಲ್ಲಿ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಬೇಕು.

ಬುಲೆಟ್_ಚಾಲಕ
ನಾನು ಇದೇ ದಾರಿಯಲ್ಲಿ ಗ್ಯಾಸ್ ಬುಲೆಟ್ ಓಡಿಸುವವನು. ಒಲೆಯ ವಿಷಯದಲ್ಲಿ ನಿಮ್ಮ ಮಾತು ಸರಿ, ಅದನ್ನು ಸಮರ್ಥಿಸುವುದಿಲ್ಲ. ಆದರೆ ನಿಲ್ಲಿಸುವ ವಿಷಯದಲ್ಲಿ ನಮ್ಮ ಕಡೆಯ ಮಾತನ್ನೂ ಕೇಳಿ. ಮಂಗಳೂರಿನಲ್ಲಿ ಲೋಡ್ ಆಗಿ ಹೊರಬೀಳುವಾಗ ಸಂಜೆಯಾಗಿರುತ್ತದೆ, ಘಟ್ಟದಲ್ಲಿ ಕಾಮಗಾರಿಯೋ ಗುಡ್ಡ ಕುಸಿತವೋ ಆಗಿದ್ದರೆ ಕೆಳಗೇ ತಡೆಯುತ್ತಾರೆ, ಢಾಬಾದವರು ಗ್ಯಾಸ್ ಗಾಡಿ ಎಂದು ಕಂಡ ಕೂಡಲೇ ಮುಂದೆ ಹೋಗು ಎನ್ನುತ್ತಾರೆ, ಟೋಲ್ ಪಕ್ಕ ನಿಲ್ಲಿಸಿದರೆ ಅಲ್ಲಿನ ಸಿಬ್ಬಂದಿ ಎಬ್ಬಿಸುತ್ತಾರೆ. ಸಿಲಿಂಡರಿಗೆ ಗ್ಯಾಸ್ ತುಂಬುವ ಬಾಟ್ಲಿಂಗ್ ಪ್ಲಾಂಟ್ ತಲುಪಿದರೂ ಸರದಿ ಬರುವವರೆಗೆ ಗೇಟಿನ ಹೊರಗೆ ಒಂದೆರಡು ದಿನ ಕಾಯಬೇಕಾಗುತ್ತದೆ. ಊಟಕ್ಕೆ ಹೋಟೆಲಿನವರೂ ಬೇಡ, ನಿದ್ದೆಗೆ ಊರಿನವರೂ ಬೇಡ ಎಂದಾದರೆ ಗಾಡಿಯನ್ನು ತಲೆಯ ಮೇಲೆ ಹೊತ್ತುಕೊಂಡಿರಬೇಕೇ? ನಿದ್ದೆಗೆಟ್ಟು ಘಟ್ಟ ಹತ್ತುವ ಚಾಲಕನಿಗಿಂತ ನಿಮ್ಮ ಗೇಟಿನೆದುರು ಮಲಗಿದ ಚಾಲಕನೇ ನಿಮಗೆ ಕ್ಷೇಮ.

ಶಿರಾಡಿ_ತಪ್ಪಲು
ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಚಾಲಕರೊಡನೆ ನಮಗೆ ಜಗಳವಿಲ್ಲ, ಮಳೆಗಾಲದಲ್ಲಿ ನೀರು ಕೇಳಿ ಬಂದವರಿಗೆ ಚಹಾವನ್ನೂ ಕೊಟ್ಟಿದ್ದೇವೆ. ಆದರೆ "ಮಲಗಿದರೆ ಕ್ಷೇಮ" ಎಂಬ ವಾದದಲ್ಲಿ ಒಂದು ಕೊರತೆಯಿದೆ. ಎಲ್ಲ ಟ್ಯಾಂಕರ್‌ಗಳೂ ಒಂದೇ ಕಡೆ ಸೇರಿ ಮಲಗಿದಾಗ, ತಿರುವಿನಲ್ಲಿ ಬ್ರೇಕ್ ಸಿಗದೆ ಇಳಿದುಬರುವ ಬೇರೊಂದು ಲಾರಿ ಅವುಗಳಲ್ಲಿ ಒಂದಕ್ಕೆ ಬಡಿದರೆ ಏನಾಗುತ್ತದೆ?

ನಿವೃತ್ತ_ಅಗ್ನಿಶಾಮಕ
ಹಾಗೆ ಬಡಿದದ್ದರ ಉದಾಹರಣೆ ತೀರಾ ಹಳೆಯದೇನಲ್ಲ. 2024ರ ಡಿಸೆಂಬರ್ 20ರ ಬೆಳಗಿನ ಜಾವ ಜೈಪುರದ ಭಾಂಕ್ರೋಟಾದಲ್ಲಿ ಯು-ತಿರುವು ತೆಗೆದುಕೊಳ್ಳುತ್ತಿದ್ದ ಎಲ್‌ಪಿಜಿ ಟ್ಯಾಂಕರಿಗೆ ಲಾರಿಯೊಂದು ಗುದ್ದಿತು. ನಳಿಕೆಗಳು ಮುರಿದು ಅನಿಲ ರಸ್ತೆಯ ಮೇಲೆಲ್ಲ ಹರಡಿ, ಕಿಡಿ ತಗುಲಿದಾಗ ಅಕ್ಕಪಕ್ಕದ ಮೂವತ್ತಕ್ಕೂ ಹೆಚ್ಚು ವಾಹನಗಳು ಸುಟ್ಟವು. ನಮ್ಮ ಮಂಗಳೂರಿನಿಂದಲೇ ಕೋಯಿಕ್ಕೋಡಿನ ಕಡೆಗೆ ಹೊರಟಿದ್ದ ಟ್ಯಾಂಕರ್ 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲಾ ಬೈಪಾಸಿನಲ್ಲಿ ವಿಭಜಕಕ್ಕೆ ಬಡಿದು ಸುಮಾರು ಇಪ್ಪತ್ತು ಜನ ಸತ್ತರು. 2015ರಲ್ಲಿ ಕುಮಟಾದ ಬರ್ಗಿಯಲ್ಲೂ ಇದೇ ಆಯಿತು.

ಈ ಎಲ್ಲ ಕಡೆಯೂ ಅಪಘಾತಕ್ಕೂ ಬೆಂಕಿಗೂ ನಡುವೆ ಸ್ವಲ್ಪ ಸಮಯ ಸಿಗುತ್ತದೆ, ಕೆಲವೊಮ್ಮೆ ನಿಮಿಷಗಳಷ್ಟು. ಆ ಸಮಯದಲ್ಲಿ ಜನ ಏನು ಮಾಡುತ್ತಾರೆ ಎಂಬುದೇ ಸಾವಿನ ಲೆಕ್ಕವನ್ನು ತೀರ್ಮಾನಿಸುತ್ತದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಆದ್ದರಿಂದ ಅದು ಮೇಲೇರಿ ಚದುರುವುದಿಲ್ಲ, ಮಂಜಿನಂತೆ ನೆಲಕ್ಕೆ ಅಂಟಿ ಚರಂಡಿ, ಬಾವಿಕಟ್ಟೆ, ತಗ್ಗಿನ ಮನೆಗಳ ಕಡೆಗೆ ಇಳಿಯುತ್ತದೆ. ನೀವಿರುವುದು ಇಳಿಜಾರಿನ ಊರಾದ್ದರಿಂದ ಓಡುವುದಾದರೆ ಗಾಳಿಗೆ ಎದುರಾಗಿ, ಎತ್ತರದ ಕಡೆಗೆ ಓಡಬೇಕು, ತೋಡಿನ ಕಡೆಗೆ ಖಂಡಿತ ಬೇಡ. ಸ್ಕೂಟರ್ ಚಾಲೂ ಮಾಡಬಾರದು, ಮನೆಯ ಸ್ವಿಚ್ ಹಾಕುವುದೂ ಆರಿಸುವುದೂ ಬೇಡ, ಒಲೆಯಲ್ಲಿ ಬೆಂಕಿಯಿದ್ದರೆ ನಂದಿಸಬೇಕು. 112ಕ್ಕೆ ಕರೆ ಮಾಡುವುದನ್ನು ಅನಿಲದ ವಾಸನೆ ಇಲ್ಲದ ಜಾಗಕ್ಕೆ ತಲುಪಿದ ಮೇಲೆ ಮಾಡಬೇಕು.

ಪಿಯುಸಿ_ಮೇಷ್ಟ್ರು
ಮೇಲಿನವರು ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಒಂದು ಲೀಟರ್ ದ್ರವರೂಪದ ಎಲ್‌ಪಿಜಿ ಹೊರಬಿದ್ದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಶೇಕಡಾ ಎರಡರಷ್ಟು ಅನಿಲ ಬೆರೆತರೂ ಅದು ಹೊತ್ತಿಕೊಳ್ಳುವ ಮಿಶ್ರಣವೇ, ಅಂದರೆ ಒಂದು ಲೀಟರ್ ದ್ರವ ಹನ್ನೆರಡು ಸಾವಿರ ಲೀಟರಿಗೂ ಮಿಕ್ಕಿದ ಗಾಳಿಯನ್ನು ಉರಿಯುವ ಗಾಳಿಯಾಗಿಸಬಲ್ಲದು. ಒಂದು ಬುಲೆಟ್ ಟ್ಯಾಂಕರಿನಲ್ಲಿ ಇರುವುದು ಹದಿನೇಳು ಹದಿನೆಂಟು ಟನ್, ಮನೆಬಳಕೆಯ 14.2 ಕಿಲೋ ಸಿಲಿಂಡರ್ ಲೆಕ್ಕದಲ್ಲಿ ಸುಮಾರು ಸಾವಿರದ ಇನ್ನೂರು.

ಇನ್ನೊಂದು ಗೊಂದಲವನ್ನೂ ಪರಿಹರಿಸಬೇಕು. ಜನ ಎಲ್ಲದಕ್ಕೂ "ಟ್ಯಾಂಕರ್ ಸ್ಫೋಟ" ಎಂದುಬಿಡುತ್ತಾರೆ. ಸೋರಿದ ಅನಿಲಕ್ಕೆ ಕಿಡಿ ತಗುಲಿ ಇಡೀ ಮೋಡವೇ ಹೊತ್ತಿಕೊಳ್ಳುವುದು ಒಂದು ಬಗೆ. ಟ್ಯಾಂಕಿಗೆ ಹೊರಗಿನಿಂದ ಬೆಂಕಿ ಬಡಿದು ಅದು ಒಡೆಯುವುದು ಇನ್ನೊಂದು ಬಗೆ. ಟ್ಯಾಂಕಿನಲ್ಲಿ ದ್ರವ ಇರುವ ಭಾಗದ ಉಕ್ಕು ದ್ರವದಿಂದಾಗಿ ತಣ್ಣಗಿರುತ್ತದೆ, ಅದಕ್ಕಿಂತ ಮೇಲಿನ ಬರಿಯ ಅನಿಲದ ಭಾಗದ ಉಕ್ಕು ಕಾದು ಮೆತ್ತಗಾಗುತ್ತದೆ, ಒಳಗಿನ ಒತ್ತಡ ಮಾತ್ರ ಏರುತ್ತಲೇ ಹೋಗಿ ಅಲ್ಲಿಂದ ಹರಿದು ತೆರೆದುಕೊಳ್ಳುತ್ತದೆ. ಸುರಕ್ಷತಾ ಕವಾಟ ಸರಿಯಾಗಿ ಕೆಲಸ ಮಾಡಿದರೂ ಇದು ಆಗಬಹುದು. 1978ರಲ್ಲಿ ಸ್ಪೇನಿನ ಲಾಸ್ ಅಲ್ಫಾಕೆಸ್ ಬಿಡಾರದ ಬಳಿ ಮಿತಿ ಮೀರಿ ತುಂಬಿದ್ದ ಪ್ರೊಪಿಲೀನ್ ಟ್ಯಾಂಕರ್ ಒಡೆದು ಇನ್ನೂರಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಟ್ಯಾಂಕನ್ನು ಪೂರ್ತಿ ತುಂಬದೆ ಸುಮಾರು ಶೇಕಡಾ 85ಕ್ಕೇ ನಿಲ್ಲಿಸುವುದು ಬಿಸಿಲಿಗೆ ದ್ರವ ಹಿಗ್ಗಲು ಜಾಗವಿರಲಿ ಎಂದು.

ನಿವೃತ್ತ_ಅಗ್ನಿಶಾಮಕ
ಮೇಷ್ಟ್ರೇ, ಅದಕ್ಕೆ ಇನ್ನೊಂದು ಸಂಗತಿ ಸೇರಿಸಿ. ಟ್ಯಾಂಕರ್ ಮಗುಚಿ ಬಿದ್ದಾಗ ಮೇಲಿರಬೇಕಾದ ಸುರಕ್ಷತಾ ಕವಾಟ ಪಕ್ಕಕ್ಕೋ ಕೆಳಕ್ಕೋ ಬಂದಿರುತ್ತದೆ, ಆಗ ಅದು ಅನಿಲದ ಬದಲು ದ್ರವವನ್ನೇ ಉಗುಳುತ್ತದೆ. ಟ್ಯಾಂಕರಿಗೇ ಬೆಂಕಿ ಹತ್ತಿದ್ದರೆ ಸುತ್ತಲೂ 1,600 ಮೀಟರ್ ದೂರದವರೆಗೆ ಜನರನ್ನು ತೆರವು ಮಾಡಬೇಕೆಂದು ಉತ್ತರ ಅಮೆರಿಕದ ತುರ್ತು ಸ್ಪಂದನ ಕೈಪಿಡಿ ಹೇಳುತ್ತದೆ. ನಮ್ಮಲ್ಲಿ ನೂರು ಮೀಟರಿನಾಚೆ ಮೊಬೈಲ್ ಹಿಡಿದು ನಿಂತಿರುತ್ತಾರೆ.

ಹೊಸಕೋಟೆ_ಲಾರಿ
ಇಷ್ಟೆಲ್ಲ ಹೆದರಿಸುವ ಅಗತ್ಯವಿಲ್ಲ. ಘಟ್ಟ ಇಳಿದು ಮಂಗಳೂರಿನ ಕಡೆಗೆ ಹೋಗುವ ಟ್ಯಾಂಕರ್‌ಗಳು ಖಾಲಿ ಇರುತ್ತವೆ, ಅವು ನಿಂತರೆ ಏನೂ ಆಗುವುದಿಲ್ಲ. ನಿಮ್ಮ ಮನೆಯೆದುರು ನಿಲ್ಲುವುದರಲ್ಲಿ ಅರ್ಧ ಅಂಥವೇ ಇರಬಹುದು.

ಪಿಯುಸಿ_ಮೇಷ್ಟ್ರು
ಇದು ಬಹಳ ಅಪಾಯದ ನಂಬಿಕೆ. ಗ್ಯಾಸ್ ಟ್ಯಾಂಕರಿನಿಂದ ದ್ರವ ಇಳಿಸಿದ ಮೇಲೂ ಒತ್ತಡದ ಅನಿಲ ಒಳಗೆ ಉಳಿದೇ ಇರುತ್ತದೆ. ಪೆಟ್ರೋಲ್ ಟ್ಯಾಂಕರಿನದಂತೂ ಇನ್ನೂ ಸೂಕ್ಷ್ಮ: ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಡಿಮೆ, ಗಾಳಿಯೂ ಕಡಿಮೆ. ಖಾಲಿಯಾದಾಗ ಗೋಡೆಗಂಟಿದ ಪೆಟ್ರೋಲ್ ಆವಿಯಾಗಿ, ಹೊರಗಿನ ಗಾಳಿ ಬೆರೆತು, ಒಂದು ಕಿಡಿಗೆ ಕಾದಿರುವ ಮಿಶ್ರಣವೇ ಒಳಗೆ ತುಂಬಿಕೊಳ್ಳುತ್ತದೆ. "ಖಾಲಿ" ಟ್ಯಾಂಕಿಗೆ ವೆಲ್ಡಿಂಗ್ ಮಾಡಲು ಹೋಗಿ ಸತ್ತವರ ಸುದ್ದಿ ಆಗಾಗ ಬರುವುದು ಇದೇ ಕಾರಣಕ್ಕೆ. ಅನಿಲಮುಕ್ತವೆಂದು ಅಧಿಕೃತ ಪ್ರಮಾಣಪತ್ರ ಸಿಗುವವರೆಗೆ ಖಾಲಿ ಟ್ಯಾಂಕರನ್ನೂ ತುಂಬಿದ ಟ್ಯಾಂಕರ್ ಎಂದೇ ಎಣಿಸಬೇಕು.

ಬುಲೆಟ್_ಚಾಲಕ
ಮೇಷ್ಟ್ರು ಹೇಳಿದ್ದು ನಿಜ, ಮೂರು ದಿನದ ತರಬೇತಿಯಲ್ಲಿ ನಮಗೂ ಇದನ್ನೇ ಹೇಳಿದ್ದರು.

ಕೋಟೇಶ್ವರ_ಕಡಲು
ಟ್ಯಾಂಕರಿನ ಹಿಂದೆ ವಜ್ರಾಕಾರದ ಕೆಂಪು ಚಿತ್ರದ ಪಕ್ಕ 1203, 3YE ಎಂದೆಲ್ಲ ಬರೆದಿರುತ್ತದೆ. ಎಷ್ಟೋ ವರ್ಷಗಳಿಂದ ಆ ಟ್ಯಾಂಕರ್‌ಗಳ ಹಿಂದೆ ಬೈಕ್ ಓಡಿಸುತ್ತಿದ್ದೇನೆ, ಅದರ ಅರ್ಥ ಹೇಳುವವರು ಈವರೆಗೆ ಸಿಕ್ಕಿಲ್ಲ. ಯಾರಾದರೂ ಬಿಡಿಸಿ ಹೇಳುವಿರಾ?

ನಿವೃತ್ತ_ಅಗ್ನಿಶಾಮಕ
ಸಂತೋಷದಿಂದ. ಅದು ತುರ್ತು ಮಾಹಿತಿ ಫಲಕ. ವಾಹನದ ಎರಡೂ ಪಕ್ಕ ಮತ್ತು ಹಿಂದೆ ಇರಲೇಬೇಕು, ವಜ್ರಾಕಾರದ ಗುರುತು 250 ಮಿಲಿಮೀಟರ್ ಚದರಕ್ಕಿಂತ ಚಿಕ್ಕದಾಗಿರಬಾರದು. ನಾಲ್ಕು ಅಂಕಿಯ ಸಂಖ್ಯೆ ವಿಶ್ವಸಂಸ್ಥೆ ಪ್ರತಿ ಸರಕಿಗೂ ಕೊಟ್ಟ ಗುರುತು: ಪೆಟ್ರೋಲಿಗೆ 1203, ಡೀಸೆಲಿಗೆ 1202, ಎಲ್‌ಪಿಜಿಗೆ 1075, ಕ್ಲೋರಿನ್‌ಗೆ 1017, ಅಮೋನಿಯಕ್ಕೆ 1005, ಗಂಧಕಾಮ್ಲಕ್ಕೆ 1830. ಅದರ ಜೊತೆಗಿರುವ ಮೂರಕ್ಷರದ ಸಂಕೇತ ನಮ್ಮಂಥ ಅಗ್ನಿಶಾಮಕದವರಿಗಾಗಿ. ಅಂಕಿ ಬೆಂಕಿಗೆ ಏನು ಹೊಡೆಯಬೇಕೆಂದು ಹೇಳುತ್ತದೆ: 1 ಎಂದರೆ ನೀರಿನ ದಪ್ಪ ಸಿಂಪಡಣೆ, 2 ಎಂದರೆ ಸಣ್ಣ ಹನಿಯ ಸಿಂಪಡಣೆ, 3 ಎಂದರೆ ನೊರೆ, 4 ಎಂದರೆ ನೀರು ಮುಟ್ಟಿಸಬಾರದು, ಒಣ ಪುಡಿಯೇ ಆಗಬೇಕು. ನಡುವಿನ ವೈ ಅಕ್ಷರ ಮೂರು ಸಂಗತಿ ಹೇಳುತ್ತದೆ: ಸರಕು ಉಗ್ರವಾಗಿ ವರ್ತಿಸಬಹುದು, ಉಸಿರಾಟದ ಉಪಕರಣ ಧರಿಸಬೇಕು, ಚೆಲ್ಲಿದ್ದು ಚರಂಡಿ ಸೇರದಂತೆ ತಡೆಯಬೇಕು. ಕೊನೆಯ ಇ ಇದ್ದರೆ ಜನರನ್ನು ತೆರವುಗೊಳಿಸುವ ಬಗ್ಗೆ ಯೋಚಿಸಬೇಕು.

ಪೆಟ್ರೋಲಿಗೆ ಬಿಂದಿಗೆಯಲ್ಲಿ ನೀರು ಎರಚುವವರನ್ನು ನಾನೇ ತಡೆದಿದ್ದೇನೆ. ನೀರು ಕೆಳಗೆ ಹೋಗುತ್ತದೆ, ಪೆಟ್ರೋಲ್ ಅದರ ಮೇಲೆ ತೇಲುತ್ತ ಬೆಂಕಿಯನ್ನು ಹೊತ್ತು ಮುಂದಿನ ಮನೆಗೆ ಹೋಗುತ್ತದೆ.

ಕಾಯ್ದೆ_ಪುಟ
ಆ ಫಲಕದ ಜೊತೆ ಚಾಲಕನ ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ ಎಂಬ ತುರ್ತು ಸೂಚನೆಯ ಹಾಳೆಯೂ ಇರಬೇಕು. ಸರಕಿನ ಅಪಾಯವೇನೆಂಬ ಮಾಹಿತಿ ಕೊಡುವ ಹೊಣೆ ಸರಕು ಕಳುಹಿಸುವವರದು, ತರಬೇತಾದ ಚಾಲಕನನ್ನು ನೇಮಿಸುವ ಹೊಣೆ ವಾಹನದ ಮಾಲೀಕರದು. ಎಲ್ಲ ಅಪಘಾತಗಳಲ್ಲೂ ಚಾಲಕನೊಬ್ಬನನ್ನೇ ಹಿಡಿದು ಒಳಗೆ ಹಾಕುವ ರೂಢಿ ನಮ್ಮಲ್ಲಿದೆ, ನಿಯಮದಲ್ಲಿ ಮಾತ್ರ ಮೂವರ ಮೇಲೂ ಹೊಣೆಯಿದೆ.

ಬುಲೆಟ್_ಚಾಲಕ
ಈ ಒಂದು ಮಾತಿಗೆ ನಿಮಗೆ ನಮಸ್ಕಾರ. ಕಾರ್ಡಿನ ವಿಷಯಕ್ಕೆ ಬಂದರೆ, ನನಗೆ ಕೊಡುವುದು ಸಣ್ಣ ಅಕ್ಷರದ ಇಂಗ್ಲಿಷ್ ಹಾಳೆ, ಅದೂ ಜೆರಾಕ್ಸಿನ ಜೆರಾಕ್ಸ್. ನಾನು ಎಸ್‌ಎಸ್‌ಎಲ್‌ಸಿಯವರೆಗೆ ಓದಿದವನು, ಕೂಡಿಸಿಕೊಂಡು ಓದುತ್ತೇನೆ. ತಮಿಳುನಾಡು, ಬಿಹಾರದ ಕಡೆಯಿಂದ ಬಂದ ನನ್ನ ಜೊತೆಯವರಲ್ಲಿ ಹಲವರು ಅದನ್ನು ಪೊಲೀಸರಿಗೆ ತೋರಿಸುವ ಕಾಗದ ಎಂದಷ್ಟೇ ತಿಳಿದಿದ್ದಾರೆ.

ಎಲ್ಬೆ_ತೀರ
ಹ್ಯಾಂಬರ್ಗಿನಲ್ಲಿ ಸಾಗಣೆ ಕಂಪನಿಯೊಂದರಲ್ಲಿ ಕೆಲಸ ಮಾಡುವ ಕನ್ನಡಿಗ ನಾನು. ಇಲ್ಲಿ 1957ರಲ್ಲಿ ಜಿನೀವಾದಲ್ಲಿ ಆದ ಎಡಿಆರ್ ಎಂಬ ಒಪ್ಪಂದದಂತೆ ನಡೆಯುತ್ತಾರೆ. ಲಿಖಿತ ತುರ್ತು ಸೂಚನೆಗಳು ವಾಹನದಲ್ಲಿರುವ ಸಿಬ್ಬಂದಿ ಓದಿ ಅರ್ಥಮಾಡಿಕೊಳ್ಳಬಲ್ಲ ಭಾಷೆಯಲ್ಲೇ ಇರಬೇಕೆಂದು ಅದು ಹೇಳುತ್ತದೆ. ಪೋಲೆಂಡಿನ ಚಾಲಕನಿಗೆ ಪೋಲಿಷ್‌ನಲ್ಲಿ, ರುಮೇನಿಯಾದವನಿಗೆ ರುಮೇನಿಯನ್‌ನಲ್ಲಿ ಕೊಟ್ಟು, ಹೊರಡುವ ಮುಂಚೆ ಅವನು ಓದಿದ್ದಾನೆಂದು ಖಚಿತಪಡಿಸಿಕೊಳ್ಳುವುದು ಸಾಗಣೆದಾರನ ಕೆಲಸ. ವಾಹನದ ಮುಂದೆ ಹಿಂದೆ ಕಿತ್ತಳೆ ಬಣ್ಣದ ತಟ್ಟೆಯಿರುತ್ತದೆ, ಅದರ ಮೇಲರ್ಧದಲ್ಲಿ ಅಪಾಯದ ಸಂಖ್ಯೆ, ಕೆಳಗೆ ಸರಕಿನ ಸಂಖ್ಯೆ: ಪೆಟ್ರೋಲ್ ಆದರೆ 33, ಕೆಳಗೆ 1203. ಮೇಲಿನ ಸಂಖ್ಯೆಯ ಮೊದಲು ಎಕ್ಸ್ ಅಕ್ಷರ ಇದ್ದರೆ ನೀರು ತಾಗಿಸಬಾರದು. ಚಾಲಕನ ಪ್ರಮಾಣಪತ್ರ ಐದು ವರ್ಷಕ್ಕೊಮ್ಮೆ ಪರೀಕ್ಷೆ ಬರೆದು ನವೀಕರಿಸುವಂಥದ್ದು. ಸುರಂಗಗಳಿಗೂ ಎ ಇಂದ ಇ ವರೆಗೆ ವರ್ಗಗಳಿವೆ, ಯಾವ ಸರಕು ಯಾವ ಸುರಂಗದೊಳಗೆ ಹೋಗಬಾರದೆಂದು ದ್ವಾರದಲ್ಲೇ ಫಲಕ ಹಾಕಿರುತ್ತಾರೆ.

ಬೆಂಚುಕಲ್ಲು
ಜರ್ಮನಿಯ ರಸ್ತೆಯಲ್ಲಿ ಎದುರಿನಿಂದ ಎಮ್ಮೆ ಬರುವುದಿಲ್ಲವಲ್ಲ, ಸ್ವಾಮಿ.

ಎಲ್ಬೆ_ತೀರ
ಎಮ್ಮೆಗೂ ಕಾರ್ಡಿನ ಭಾಷೆಗೂ ಏನು ಸಂಬಂಧವೋ ತಿಳಿಯಲಿಲ್ಲ. ಕಾಗದವೊಂದನ್ನು ಓದಬಲ್ಲ ಭಾಷೆಯಲ್ಲಿ ಮುದ್ರಿಸಲು ಆಟೋಬಾನ್ ಬೇಕಾಗಿಲ್ಲ.

ಕಾಯ್ದೆ_ಪುಟ
ಎಲ್ಬೆಯವರ ಮಾತು ಸರಿಯಾಗಿದೆ, ಆದರೆ ಕಾರ್ಡಿನ ಓದುಗ ಚಾಲಕನೊಬ್ಬನೇ ಅಲ್ಲ ಎಂಬುದನ್ನು ಮರೆಯಬಾರದು. ನಮ್ಮ ಮೋಟಾರು ವಾಹನ ನಿಯಮಗಳಲ್ಲಿ 9ನೆಯದರ ಪ್ರಕಾರ ಅಪಾಯಕಾರಿ ಸರಕಿನ ಚಾಲಕನಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷನ್ನೂ ಓದಲು ಬರೆಯಲು ಬರಬೇಕು. ಕಾಗದದ ಮೇಲೆ ಅಲ್ಲಿಗೆ ಎಲ್ಲವೂ ಸರಿಹೋಯಿತು. ಆದರೆ ಅಪಘಾತವಾದಾಗ ಚಾಲಕ ಗಾಯಗೊಂಡು ಬಿದ್ದಿರುತ್ತಾನೆ, ಮೊದಲು ಓಡಿಬರುವವರು ಅಡಿಕೆ ತೋಟದ ಕೆಲಸಗಾರರು, ಹಾಲಿನ ಡೇರಿಯವರು, ಹೊರಠಾಣೆಯ ಕಾನ್‌ಸ್ಟೇಬಲ್. ಅವರಿಗೆ ಆ ಫಲಕವೂ ಕಾರ್ಡೂ ಮೂಕವಾಗಿಯೇ ಇರುತ್ತವೆ. ಟ್ಯಾಂಕರ್ ಹಾದುಹೋಗುವ ರಾಜ್ಯಗಳ ಭಾಷೆಗಳಲ್ಲಿ "ದೂರ ಸರಿಯಿರಿ, ಬೆಂಕಿ ಹಚ್ಚಬೇಡಿ, ಚೆಲ್ಲಿದ್ದನ್ನು ತುಂಬಿಕೊಳ್ಳಬೇಡಿ" ಎಂಬ ಮೂರು ವಾಕ್ಯಗಳನ್ನಾದರೂ ದೊಡ್ಡ ಅಕ್ಷರದಲ್ಲಿ ಬರೆಸಿದರೆ ಯಾರಿಗೂ ನಷ್ಟವಿಲ್ಲ. ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಬೇಡಿಕೆ ಇದೇ ಎಂದು ನನ್ನ ಅಭಿಪ್ರಾಯ.

ಕೋಟೇಶ್ವರ_ಕಡಲು
ತುಂಬಿಕೊಳ್ಳುವ ವಿಷಯ ಬಂದದ್ದು ಒಳ್ಳೆಯದಾಯಿತು. ಪಾಕಿಸ್ತಾನದ ಬಹಾವಲ್ಪುರದ ಹತ್ತಿರ 2017ರ ಜೂನ್‌ನಲ್ಲಿ ಮಗುಚಿದ ಪೆಟ್ರೋಲ್ ಟ್ಯಾಂಕರಿನ ಸುತ್ತ ಜನ ಕೊಡ, ಬಾಟಲಿ ಹಿಡಿದು ಸೇರಿದ್ದರು. ಬೆಂಕಿ ಹತ್ತಿದಾಗ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲೂ ಅಡುಗೆ ಎಣ್ಣೆಯ ಟ್ಯಾಂಕರ್ ಬಿದ್ದರೂ ಪೆಟ್ರೋಲಿನ ಟ್ಯಾಂಕರ್ ಬಿದ್ದರೂ ಒಂದೇ ಉತ್ಸಾಹ.

ಬಂಕ್_ಕಟ್ಟೆ
ಪೆಟ್ರೋಲ್ ಬಂಕ್ ನಡೆಸುವವನಾಗಿ ಒಂದು ಮಾತು: ದಾರಿಯಲ್ಲಿ ಆಗುವ ಅಪಾಯದಷ್ಟೇ ಗಮನ ಇಳಿಸುವಾಗಿನ ಅಪಾಯಕ್ಕೂ ಬೇಕು. ಟ್ಯಾಂಕರ್ ಬಂದ ಕೂಡಲೇ ಚಕ್ರಕ್ಕೆ ಅಡೆ ಕೊಟ್ಟು, ಮುಚ್ಚಳ ತೆಗೆಯುವ ಮೊದಲೇ ಅರ್ತಿಂಗ್ ತಂತಿಯನ್ನು ಕಚ್ಚಿಸಬೇಕು, ಏಕೆಂದರೆ ಪೆಟ್ರೋಲ್ ಕೊಳವೆಯಲ್ಲಿ ಹರಿಯುವಾಗಲೇ ಸ್ಥಾಯೀ ವಿದ್ಯುತ್ತು ಕೂಡಿಕೊಳ್ಳುತ್ತದೆ. ಹೆಚ್ಚಿನ ಕಡೆ ತಂತಿ ಇರುತ್ತದೆ, ಕ್ಲಿಪ್ಪೂ ಇರುತ್ತದೆ, ಆದರೆ ಅದನ್ನು ಕಚ್ಚಿಸುವ ಲೋಹದ ಕಿವಿಯ ಮೇಲೆ ಎರಡು ಮೂರು ಪದರ ಬಣ್ಣ ಬಳಿದಿರುತ್ತಾರೆ. ಕ್ಲಿಪ್ಪಿನ ಹಲ್ಲು ಬಣ್ಣವನ್ನೇ ಕಚ್ಚಿಕೊಂಡು ಕುಳಿತರೆ ವಿದ್ಯುತ್ತು ಭೂಮಿಗೆ ಇಳಿಯುವುದೆಲ್ಲಿಂದ ಬಂತು? ನಮ್ಮ ಹುಡುಗರಿಗೆ ಒಂದು ಹಳೆಯ ಅರ ಕೊಟ್ಟಿದ್ದೇನೆ, ಕಿವಿ ಫಳಫಳ ಹೊಳೆಯುವವರೆಗೆ ಉಜ್ಜಿದ ಮೇಲೆಯೇ ಕ್ಲಿಪ್ ಹಾಕಬೇಕು.

ಇತ್ತೀಚೆಗೆ ಎಥೆನಾಲ್ ಟ್ಯಾಂಕರ್‌ಗಳ ಓಡಾಟ ಹೆಚ್ಚಿದೆ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ಡಿಪೋಗಳಿಗೆ ಹೋಗುತ್ತವೆ. ಅದರ ಜ್ವಾಲೆ ತೆಳು ನೀಲಿ, ಹಗಲಿನ ಬಿಸಿಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಸಾಮಾನ್ಯ ನೊರೆ ಅದರ ಮೇಲೆ ನಿಲ್ಲುವುದಿಲ್ಲ, ಆಲ್ಕೋಹಾಲನ್ನು ತಾಳುವ ಬೇರೆ ನೊರೆಯೇ ಬೇಕು. ನಮ್ಮ ತಾಲ್ಲೂಕಿನ ಅಗ್ನಿಶಾಮಕ ಠಾಣೆಗಳಲ್ಲಿ ಅದು ಎಷ್ಟು ದಾಸ್ತಾನಿದೆ ಎಂದು ಯಾರಾದರೂ ಮಾಹಿತಿ ಹಕ್ಕಿನಲ್ಲಿ ಕೇಳಬೇಕು.

ಮಲೆನಾಡ_ಕ್ವಾರಿ
ಎಲ್ಲರೂ ಟ್ಯಾಂಕರನ್ನೇ ಹಿಡಿದುಕೊಂಡಿದ್ದೀರಿ. ಟ್ಯಾಂಕರಿಗಾದರೂ ಫಲಕವಿರುತ್ತದೆ, ನೋಡಿದವರು ದೂರ ಸರಿಯಬಹುದು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನ ಕ್ರಷರ್ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಾಗ ನಾವು ಭೂಕಂಪವೆಂದು ಮನೆಯಿಂದ ಹೊರಗೆ ಓಡಿಬಂದೆವು. ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಮತ್ತೆ ಸಾವುಗಳಾದವು. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯಲ್ಲಿ ವಾಹನದಿಂದ ಪಟಾಕಿ ಪೆಟ್ಟಿಗೆಗಳನ್ನು ಇಳಿಸುವಾಗಲೇ ಬೆಂಕಿ ಹತ್ತಿತು. ಸ್ಫೋಟಕವನ್ನು ಪರವಾನಗಿ ಪಡೆದ ವ್ಯಾನಿನಲ್ಲೇ ಒಯ್ಯಬೇಕು, ಡಿಟೊನೇಟರ್ ಮತ್ತು ಜಿಲೆಟಿನ್ ಒಂದೇ ಕಡೆ ಬೆರೆಸಿ ಇಡಬಾರದು. ಆದರೆ ತರಕಾರಿ ಸಾಗಿಸುವ ಪಿಕಪ್‌ನಲ್ಲಿ ಟಾರ್ಪಾಲಿನ ಕೆಳಗೆ ಏನಿದೆಯೆಂದು ಕೇಳುವವರು ಯಾರು?

ಹೊಸಕೋಟೆ_ಲಾರಿ
ಖಾಸಗಿ ಬಸ್ಸಿನ ಪಾರ್ಸೆಲ್ ಡಿಕ್ಕಿಯನ್ನೂ ಸೇರಿಸಿ. 2025ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಸುಟ್ಟಾಗ ಒಳಗೆ ಮೊಬೈಲ್ ಫೋನುಗಳ ಪಾರ್ಸೆಲ್ ಇತ್ತು, ಅವುಗಳ ಬ್ಯಾಟರಿಗಳಿಂದ ಬೆಂಕಿ ಇನ್ನಷ್ಟು ಉಲ್ಬಣಿಸಿತೆಂದು ವರದಿಯಾಗಿತ್ತು. ಲೀಥಿಯಂ ಬ್ಯಾಟರಿ ಅಪಾಯಕಾರಿ ಸರಕಿನ ಒಂಬತ್ತನೇ ವರ್ಗಕ್ಕೆ ಸೇರಿದ್ದು. ವಿಮಾನಕ್ಕೆ ಹತ್ತುವಾಗ ಪವರ್ ಬ್ಯಾಂಕ್ ಎಲ್ಲಿದೆಯೆಂದು ಹತ್ತು ಸಲ ಕೇಳುತ್ತಾರೆ, ಸ್ಲೀಪರ್ ಬಸ್ಸಿನಲ್ಲಿ ಮಲಗಿದವರ ಕೆಳಗೆ ಮಾತ್ರ ಏನನ್ನೂ ತುಂಬಬಹುದು.

ಗದ್ದೆ_ಬದು
ಟಿಲ್ಲರಿಗೆ ಕ್ಯಾನಿನಲ್ಲಿ ಡೀಸೆಲ್ ತಂದರೂ ಇನ್ನು ನಮ್ಮನ್ನು ಹಿಡಿಯುತ್ತಾರೆಯೇ?

ಕಾಯ್ದೆ_ಪುಟ
ಹಿಡಿಯಲಾಗದು. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಡೀಸೆಲ್ ಬಿ ವರ್ಗದ್ದು, ಒಟ್ಟು 2,500 ಲೀಟರ್ ಮೀರದೆ ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಲ್ಲದಿದ್ದರೆ ಪರವಾನಗಿ ಬೇಡ. ಪೆಟ್ರೋಲ್ ಎ ವರ್ಗದ್ದು, ಮಾರಾಟಕ್ಕಲ್ಲದೆ 30 ಲೀಟರಿನವರೆಗೆ ಮಾತ್ರ. ಆದರೆ ಪೆಟ್ರೋಲನ್ನು ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ತರುವುದನ್ನು ಇದರ ನೆಪದಲ್ಲಿ ಸಮರ್ಥಿಸಿಕೊಳ್ಳಬೇಡಿ.

ಬೆಂಚುಕಲ್ಲು
ಮೂಲ ಪ್ರಶ್ನೆಗೆ ಬರುತ್ತೇನೆ. ರಸ್ತೆಯಲ್ಲಿ ಟ್ಯಾಂಕರೇ ಬೇಡ, ಎಲ್ಲವನ್ನೂ ಪೈಪಿನಲ್ಲಿ ಕಳುಹಿಸಲಿ. ಆಗ ಘಟ್ಟವೂ ಉಳಿಯುತ್ತದೆ, ಜನರೂ ಉಳಿಯುತ್ತಾರೆ.

ಬಂಕ್_ಕಟ್ಟೆ
ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗೊಂದಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ ಪೈಪ್‌ಲೈನ್ 2003ರಿಂದಲೇ ಇದೆ. ಅದು ಇಲ್ಲದಿದ್ದರೆ ಶಿರಾಡಿಯಲ್ಲಿ ಇಂದಿನ ಎಷ್ಟೋ ಪಟ್ಟು ಟ್ಯಾಂಕರ್‌ಗಳು ಇರುತ್ತಿದ್ದವು. ಗ್ಯಾಸಿಗೂ ಪೈಪ್‌ಲೈನ್ ಹಾಕಿದ್ದಾರೆ. ಆದರೂ ಡಿಪೋದಿಂದ ನನ್ನ ಬಂಕಿನವರೆಗೆ, ಪ್ಲಾಂಟಿನಿಂದ ನಿಮ್ಮ ಅಡುಗೆಮನೆಯವರೆಗೆ ಚಕ್ರದ ಮೇಲೆಯೇ ಬರಬೇಕು.

ಬುಲೆಟ್_ಚಾಲಕ
ವೇಗದ ಬಗ್ಗೆ ಯಾರೂ ಹೇಳಲಿಲ್ಲ. ಟ್ಯಾಂಕರ್‌ಗಳ ವೇಗ ನಿಯಂತ್ರಕವನ್ನು ಗಂಟೆಗೆ 60 ಕಿಲೋಮೀಟರಿಗೆ ಕಟ್ಟಿರಬೇಕು. ಆದರೆ ಘಟ್ಟದ ತಿರುವಿನಲ್ಲಿ 60 ಎಂಬುದೂ ಸಾವಿನ ವೇಗವೇ. ಒಳಗಿನ ದ್ರವ ಗಾಡಿಯ ಜೊತೆ ತಿರುಗುವುದಿಲ್ಲ, ಒಂದು ಕ್ಷಣ ತಡವಾಗಿ ಹೊರಗಿನ ಗೋಡೆಗೆ ಬಂದು ಬಡಿಯುತ್ತದೆ. ಸ್ಟಿಯರಿಂಗ್ ತಿರುಗಿಸಿ ನೇರ ಮಾಡಿದ ಮೇಲೆ ಆ ಪೆಟ್ಟು ಬೆನ್ನಿಗೆ ತಗುಲಿದಂತೆ ಗೊತ್ತಾಗುತ್ತದೆ. ಒಳಗೆ ಅಡ್ಡ ಹಲಗೆಗಳಿರುವುದರಿಂದ ಹಿಂದೆ ಮುಂದೆ ತುಳುಕುವುದು ಕಡಿಮೆಯಾಗುತ್ತದೆ, ಪಕ್ಕಕ್ಕೆ ತುಳುಕುವುದನ್ನು ಅವು ಅಷ್ಟಾಗಿ ತಡೆಯುವುದಿಲ್ಲ. ಅರ್ಧ ತುಂಬಿದ ಗಾಡಿ ಪೂರ್ತಿ ತುಂಬಿದ್ದಕ್ಕಿಂತ ಹೆಚ್ಚು ಕಾಡಿಸುತ್ತದೆ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತ ಬಯ್ಯುವಾಗ ನಾವು ನಿಧಾನವಾಗಿ ಹೋಗುವುದು ಸೋಮಾರಿತನದಿಂದಲ್ಲ.

ಶಿರಾಡಿ_ತಪ್ಪಲು
ಎಲ್ಲರಿಗೂ ಕೃತಜ್ಞತೆಗಳು. ಈಗ ಬರೆಯುವುದು ಯಾರಿಗೆ, ಏನೆಂದು ಬರೆಯಬೇಕು?

ಕಾಯ್ದೆ_ಪುಟ
ಜಿಲ್ಲಾಧಿಕಾರಿಗಳಿಗೆ ಬರೆಯಿರಿ. 1996ರ ರಾಸಾಯನಿಕ ಅಪಘಾತ ನಿಯಮಗಳಂತೆ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಸಮಿತಿಗೆ ಅವರೇ ಅಧ್ಯಕ್ಷರು, ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ಅವರೇ ಅಧ್ಯಕ್ಷರು, ಆದ್ದರಿಂದ ರಸ್ತೆ ನಮ್ಮದಲ್ಲ ಎಂಬ ಉತ್ತರ ಅಲ್ಲಿಂದ ಬರಲಾರದು. ಪ್ರತಿಗಳನ್ನು ಸಾರಿಗೆ ಅಧಿಕಾರಿಗೆ, ಹೆದ್ದಾರಿ ಪ್ರಾಧಿಕಾರಕ್ಕೆ, ಟ್ಯಾಂಕರಿನ ಫಲಕದಲ್ಲಿರುವ ಸರಕು ಕಳುಹಿಸುವ ಕಂಪನಿಗೆ ಹಾಕಿ. ಕಂಪನಿಗೆ ಹೋದ ಪತ್ರವೇ ಹೆಚ್ಚು ಬೇಗ ಕೆಲಸ ಮಾಡುತ್ತದೆ, ಏಕೆಂದರೆ ಸಾಗಣೆ ಗುತ್ತಿಗೆ ರದ್ದಾಗುವ ಭಯ ದಂಡದ ಭಯಕ್ಕಿಂತ ದೊಡ್ಡದು. ಚಾಲಕರ ಹೆಸರನ್ನು ಬರೆಯಬೇಡಿ, ಸ್ಥಳ ಮತ್ತು ಹೊತ್ತನ್ನು ಬರೆಯಿರಿ. ಬರಿಯ "ನಿಲ್ಲಿಸಬಾರದು" ಎಂದು ಕೇಳಿದರೆ ಅವರು ಮುಂದಿನ ಊರಿನ ಗೇಟಿನೆದುರು ನಿಲ್ಲುತ್ತಾರೆ. ಮನೆಗಳಿಂದ ದೂರವಾಗಿ, ನೀರು, ಶೌಚಾಲಯ, ಊಟದ ವ್ಯವಸ್ಥೆಯಿರುವ, ಕಾವಲಿರುವ ನಿಲುಗಡೆ ತಾಣವನ್ನು ಘಟ್ಟದ ಕೆಳಗೂ ಮೇಲೂ ಮಾಡಿಕೊಡಬೇಕೆಂದು ಕೇಳಿ.

ಬುಲೆಟ್_ಚಾಲಕ
ಆ ಪತ್ರದ ಕೆಳಗೆ ನಮ್ಮ ಚಾಲಕರ ಸಹಿಯನ್ನೂ ಹಾಕಿಸುತ್ತೇನೆ. ಸಕಲೇಶಪುರದ ಕಡೆಯ ಜಾಗಕ್ಕೆ ಮಳೆಗಾಲದಲ್ಲಿ ಹೂತುಹೋಗದಂತೆ ಕಾಂಕ್ರೀಟ್ ಹಾಕಿಸಬೇಕೆಂದು ಸೇರಿಸಿ, ಹದಿನೆಂಟು ಟನ್ ಕೆಸರಿನಲ್ಲಿ ವಾಲಿದರೆ ಎತ್ತಲು ಬರುವ ಕ್ರೇನೇ ಇನ್ನೊಂದು ಅಪಾಯ.

ನಿವೃತ್ತ_ಅಗ್ನಿಶಾಮಕ
ಹೌದು, ವಾಲಿದ ಟ್ಯಾಂಕರನ್ನು ತುಂಬಿರುವಾಗಲೇ ಕ್ರೇನಿನಿಂದ ಎತ್ತಬಾರದು. ವಿದ್ಯುತ್ ಕಡಿತಗೊಳಿಸಿ, ಸಂಚಾರ ನಿಲ್ಲಿಸಿ, ಕಂಪನಿಯ ತುರ್ತು ತಂಡ ಅನಿಲವನ್ನು ಬೇರೊಂದು ಟ್ಯಾಂಕರಿಗೆ ವರ್ಗಾಯಿಸಿದ ಮೇಲೆಯೇ ಎತ್ತಬೇಕು. ಅದಕ್ಕೆ ಹಲವು ಗಂಟೆಗಳು ಹಿಡಿಯುತ್ತವೆ, ಅಷ್ಟು ಹೊತ್ತು ಬದಲಿ ದಾರಿ ಯಾವುದೆಂಬುದನ್ನೂ ಪತ್ರದಲ್ಲೇ ಕೇಳಿಬಿಡಿ. ಚಾರ್ಮಾಡಿ ಘಟ್ಟದಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವಿದೆ, ಸಂಪಾಜೆ ಘಟ್ಟಕ್ಕೆ ಸುತ್ತಿ ಹೋಗಲು ಎಲ್ಲರನ್ನೂ ಮಾಣಿಯಲ್ಲೇ ತಿರುಗಿಸಬೇಕಾಗುತ್ತದೆ, ಅಲ್ಲಿ ರಾತ್ರಿ ಹೊತ್ತು ಒಬ್ಬ ಪೊಲೀಸನಾದರೂ ಇರಬೇಕು.